ಅಟ್ಟದ ಮೇಲಿನ ಲ್ಯಾಪ್‌ಟಾಪ್, ಶಾಲೆಗೊಂದು ಬೀಗ

ಮನೆಯಲ್ಲಿ ಒಮ್ಮೆ ಹುಡುಕಿ ನೋಡಿ. ದೊಡ್ಡ ಮಗನೋ ಮಗಳೋ ಹನ್ನೆರಡನೇ ತರಗತಿಯಲ್ಲಿದ್ದಾಗ ತಮಿಳುನಾಡು ಸರ್ಕಾರ ಕೊಟ್ಟ ಲ್ಯಾಪ್‌ಟಾಪ್ ಅಟ್ಟದ ಮೇಲೋ, ಮಂಚದ ಕೆಳಗೋ, ಹಳೆಯ ಸೀರೆಗಳ ಟ್ರಂಕಿನಲ್ಲೋ ಇದ್ದೀತು. ಬ್ಯಾಟರಿ ಹೋಗಿರುತ್ತದೆ, ವೈರ್ ಚುಚ್ಚಿದರೆ ಮಾತ್ರ ಏಳುತ್ತದೆ. ಗುಜರಿಯವನು ಐನೂರು ಕೊಡುತ್ತೇನೆಂದರೆ ಕೊಟ್ಟುಬಿಡಬೇಡಿ. ಇವತ್ತಿನ ಮಾತು ಅದರ ಬಗ್ಗೆಯೇ.

2011ರಲ್ಲಿ ಆ ಯೋಜನೆ ಶುರುವಾದಾಗ ಕೊಟ್ಟ ಯಂತ್ರಗಳಲ್ಲಿ ಎರಡು ಬಾಗಿಲುಗಳಿದ್ದವು. ಸ್ವಿಚ್ ಒತ್ತಿದೊಡನೆ ವಿಂಡೋಸ್ ಬೇಕೋ, ಬಾಸ್ ಬೇಕೋ ಎಂದು ಕೇಳುತ್ತಿತ್ತು. ನಮ್ಮ ಮಕ್ಕಳೆಲ್ಲ ಮೊದಲನೆಯದನ್ನೇ ಒತ್ತಿದರು. ಎರಡನೆಯದು ಏನೆಂದು ಅವರಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಏಕೆಂದರೆ ನನಗೂ ಗೊತ್ತಿರಲಿಲ್ಲ. ಬಾಸ್ ಎಂದರೆ ಚೆನ್ನೈನ ಸಿ-ಡ್ಯಾಕ್‌ನವರು 2007ರಲ್ಲಿ ಹೊರತಂದ, ಭಾರತೀಯ ಭಾಷೆಗಳಿಗೆಂದು ಹೊಂದಿಸಿದ ಲಿನಕ್ಸ್. ಅದರೊಳಗೆ ಕನ್ನಡವೂ ಇತ್ತು. ಮೊದಲ ಪರದೆಯಲ್ಲೇ ನಮ್ಮ ಭಾಷೆಗೊಂದು ಬಾಗಿಲಿತ್ತು, ನಾವು ತಟ್ಟಲೇ ಇಲ್ಲ.

ನನ್ನ ಪರಿಚಯವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನಾನು ಹುಟ್ಟಿದಾಗ ನಮ್ಮೂರು ಸೇಲಂ ಜಿಲ್ಲೆಯಲ್ಲಿತ್ತು. ಒಂದನೇ ತರಗತಿಗೆ ಸೇರುವ ಹೊತ್ತಿಗೆ, 1965ರಲ್ಲಿ, ಧರ್ಮಪುರಿ ಜಿಲ್ಲೆಯಾಯಿತು. 2004ರಲ್ಲಿ ಕೃಷ್ಣಗಿರಿಗೆ ಹೋಯಿತು. ಮನೆ ಮಾತ್ರ ಇದ್ದಲ್ಲೇ ಇದೆ. ಎಂಟನೆಯವರೆಗೆ ಕನ್ನಡದಲ್ಲಿ ಓದಿದೆ, ಆಮೇಲೆ ತಮಿಳಿನಲ್ಲಿ. ಕಲಿಸಿದ್ದು ಎರಡರಲ್ಲೂ. ಈಗ ಧರ್ಮಪುರಿಯಲ್ಲಿ ಮಗನ ಮನೆಯಲ್ಲಿದ್ದೇನೆ, ವಾರಕ್ಕೊಮ್ಮೆ ಬಸ್ ಹತ್ತಿ ಹಳೆಯ ಶಾಲೆಗೆ ಹೋಗಿಬರುತ್ತೇನೆ.

ನಿವೃತ್ತಿಗೆ ಒಂದು ವರ್ಷ ಮೊದಲು, 2016ರಲ್ಲಿ, ಒಬ್ಬ ತಾಯಿ ಟಿ.ಸಿ. ಕೇಳಿಕೊಂಡು ಬಂದರು. ಮಗಳು ಏಳನೇ ತರಗತಿ, ಚೆನ್ನಾಗಿ ಓದುವವಳು. "ಯಾಕಮ್ಮಾ?" ಅಂದೆ. "ಸಾರ್, ಮುಂದೆ ಎಲ್ಲಾ ಕಂಪ್ಯೂಟರೇ ತಾನೆ? ಕಂಪ್ಯೂಟರು ಇಂಗ್ಲಿಷಲ್ಲಿ ತಾನೆ ಇರೋದು? ಕನ್ನಡದಲ್ಲಿ ಓದಿ ಏನ್ ಮಾಡ್ತಾಳೆ?" ಅಂದರು. ನಾನು ಭಾಷೆಯ ಅಭಿಮಾನದ ಮಾತಾಡಿದೆ. ಅವರು ತಲೆ ತಗ್ಗಿಸಿ ಕೇಳಿದರು, ಟಿ.ಸಿ. ತೆಗೆದುಕೊಂಡು ಹೋದರು. ಅವರ ಪ್ರಶ್ನೆಗೆ ಅಭಿಮಾನ ಉತ್ತರವಾಗಿರಲಿಲ್ಲ. ಮಾಡಿ ತೋರಿಸಿದ್ದರೆ ಉತ್ತರವಾಗುತ್ತಿತ್ತು.

ಅದೇ ಬೇಸಿಗೆ ರಜೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಶಾಲೆಯಲ್ಲೇ ಒಂದು ಸರ್ವರ್ ಹಾಕಿದೆವು. ಸರ್ವರ್ ಎಂದೊಡನೆ ಹೆದರಬೇಡಿ. ಬಡಿಸುವವನು ಎಂದೇ ಆ ಪದದ ಅರ್ಥ. ಮದುವೆಮನೆಯ ಪಂಕ್ತಿಯಲ್ಲಿ ಕೂತವರು ಕೇಳುತ್ತಾರೆ, ಇವನು ತಂದು ಬಡಿಸುತ್ತಾನೆ. ಅಡುಗೆ ಒಂದೇ ಕಡೆ, ಉಣ್ಣುವವರು ಹಲವರು. ನಮ್ಮ ಪ್ರಯೋಗಾಲಯದ ಎಂಟು ಕಂಪ್ಯೂಟರುಗಳಿಗೆ ಈ ಲ್ಯಾಪ್‌ಟಾಪ್ ಪಾಠ ಬಡಿಸಬೇಕು, ಇಂಟರ್‌ನೆಟ್ ಇರಲಿ ಬಿಡಲಿ. ಗುಡ್ಡದ ಮಗ್ಗುಲಿನ ನಮ್ಮ ಊರುಗಳಲ್ಲಿ ಮಳೆ ಬಂದರೆ ಸಿಗ್ನಲ್ ಹೋಗುವುದು ನಿಮಗೆ ಗೊತ್ತೇ ಇದೆ.

ಯಂತ್ರಕ್ಕೆ ಹಾಕಿದ್ದು ಡೆಬಿಯನ್ ಎಂಬ ಲಿನಕ್ಸ್. ಬಾಸ್ ಕೂಡ ಹುಟ್ಟಿದ್ದು ಅದರಿಂದಲೇ. ಇವುಗಳ ಮನೆತನ ಹಳೆಯದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ಬಂತು. ಅದರ ರೀತಿಯಲ್ಲೇ ನಡೆಯುವ ಲಿನಕ್ಸನ್ನು 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ. ಡೆಬಿಯನ್ 1993ರದು. ಹಣ ಕೊಡಬೇಕಿಲ್ಲ, ಯಾರ ಅನುಮತಿಯೂ ಬೇಡ. ಪಾಠ ಬಡಿಸುವ ಕೆಲಸಕ್ಕೆ ಅಪಾಚೆ ಎಂಬ ತಂತ್ರಾಂಶ, ಅದು 1995ರಿಂದ ಇದೆ. ಡೆಬಿಯನ್‌ನಲ್ಲಿ ಅದನ್ನು ಕೂರಿಸಲು ಒಂದೇ ಸಾಲಿನ ಆದೇಶ ಸಾಕು. ನಮಗೆ ಹಿಡಿದದ್ದು ಐದು ನಿಮಿಷ. ಬಳಿಕ ಅದು ತೋರಿಸುವ ಕಪಾಟಿನಲ್ಲಿ ಪುಟಗಳನ್ನಿಟ್ಟರೆ, ಉಳಿದ ಕಂಪ್ಯೂಟರುಗಳ ಬ್ರೌಸರಿನಲ್ಲಿ ಕಾಣಿಸುತ್ತದೆ. ಕನ್ನಡ ವಿಕಿಪೀಡಿಯವನ್ನೂ ಇಟ್ಟೆವು. 2003ರಲ್ಲಿ ಶುರುವಾದ ಅದರಲ್ಲಿ ಈಗ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಕಿವಿಕ್ಸ್ ಎಂಬ ತಂತ್ರಾಂಶ ಅದನ್ನು ಇಂಟರ್‌ನೆಟ್ ಇಲ್ಲದೆಯೂ ಓದಿಸುತ್ತದೆ.

ನಿಜವಾದ ಕಷ್ಟ ಬಂದದ್ದು ನಮ್ಮದೇ ಹಳೆಯ ಕಡತಗಳಿಂದ. ಹದಿನೈದು ವರ್ಷದ ಪ್ರಶ್ನೆಪತ್ರಿಕೆ, ಟಿಪ್ಪಣಿಗಳನ್ನು ಸಿ.ಡಿ.ಗಳಲ್ಲಿ ಜೋಪಾನ ಮಾಡಿದ್ದೆ. ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಏಕೆಂದರೆ ಅವುಗಳನ್ನೆಲ್ಲ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿಸಿದ್ದೆವು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದೇ ಗೊತ್ತಾಗದು. ಯುನಿಕೋಡ್‌ನಲ್ಲಿ ಹಾಗಿಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ, ತಮಿಳಿಗೂ ಇದೆ. ಪರಿವರ್ತಕದಲ್ಲಿ ಹಾಕಿ ಬದಲಾಯಿಸಿದೆವು. ಒತ್ತಕ್ಷರ, ಅರ್ಕಾವೊತ್ತು ಇದ್ದಲ್ಲೆಲ್ಲ ತಪ್ಪುಗಳು ಉಳಿದವು. ಅವನ್ನು ತಿದ್ದಿದ್ದು ಒಂಬತ್ತನೇ ತರಗತಿಯ ಮಕ್ಕಳು, ದಿನಕ್ಕೆ ಎರಡು ಪುಟದಂತೆ. ಅವರ ಕಾಗುಣಿತ ಸರಿಹೋದದ್ದು ಆ ಬೇಸಿಗೆಯಲ್ಲೇ. ನಿಮ್ಮ ಮಕ್ಕಳ ಶಾಲೆಯಲ್ಲಿ ಈಗಲೂ ಹಳೆಯ ಫಾಂಟಿನಲ್ಲೇ ಟೈಪ್ ಮಾಡಿಸುತ್ತಿದ್ದರೆ ದಯವಿಟ್ಟು ನಿಲ್ಲಿಸಲು ಹೇಳಿ, ಇನ್ನು ಹತ್ತು ವರ್ಷಕ್ಕೆ ಅದನ್ನು ಓದುವವರಿರುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಸಂತೋಷದ ಕಥೆ. ಇನ್ನು ನನ್ನ ತಪ್ಪಿನ ಕಥೆ. ಇದನ್ನು ಹೇಳಲೆಂದೇ ಇಷ್ಟೂ ಬರೆದೆ.

ಪಾಠಗಳು ಬಂದವು, ಮಕ್ಕಳು ಓದಿದರು. ನನಗೆ ಉತ್ಸಾಹ ಹೆಚ್ಚಾಯಿತು. ಅಂಕಪಟ್ಟಿಯನ್ನೂ ಇದರಲ್ಲೇ ಇಡೋಣ, ಶಿಕ್ಷಕರು ತಮ್ಮ ತಮ್ಮ ಕಂಪ್ಯೂಟರಿನಿಂದಲೇ ಅಂಕ ತುಂಬಲಿ ಎಂದೆ. ಹತ್ತನೇ ತರಗತಿಯ ಎಲ್ಲರ ಹೆಸರು, ಹುಟ್ಟಿದ ದಿನ, ಜಾತಿ, ತಂದೆಯ ಫೋನ್ ಸಂಖ್ಯೆ ಇರುವ ಪಟ್ಟಿಯನ್ನು ಅದೇ ಕಪಾಟಿಗೆ ಹಾಕಿದೆ. ವೈಫೈಗೂ ಪಾಸ್‌ವರ್ಡ್ ಇಟ್ಟಿರಲಿಲ್ಲ. ಮಕ್ಕಳಿಗೆ ಸುಲಭವಾಗಲಿ ಎಂದು.

ಕೃಷ್ಣಗಿರಿಯಲ್ಲಿ ಪಾಲಿಟೆಕ್ನಿಕ್ ಓದುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬ ನೋಡಲು ಬಂದ. ಹಿಂದಿನ ಬೆಂಚಿನಲ್ಲಿ ತನ್ನ ಲ್ಯಾಪ್‌ಟಾಪ್ ತೆರೆದು ಕೂತ. ಮುಂದಿನ ಮೇಜಿನಲ್ಲಿ ಗಣಿತದ ಟೀಚರ್ ಅಂಕ ತುಂಬಲು ಪಾಸ್‌ವರ್ಡ್ ಒತ್ತಿದರು. ಅವನು ಹಿಂದಿನಿಂದ ಮೆಲ್ಲಗೆ ಅದನ್ನು ಓದಿ ಹೇಳಿದ. ಶಾಲೆಯ ಹೆಸರು, ಮುಂದೆ ಒಂದು ಎರಡು ಮೂರು. ಟೀಚರ್ ಮುಖ ಬಿಳಿಚಿಕೊಂಡಿತು. "ಸಾರ್, ಗಾಳಿಯಲ್ಲಿ ಹೋಗೋದನ್ನ ನಾನು ಹಿಡಿದೆ ಅಷ್ಟೇ. ನೀವು ಕೂಗಿ ಹೇಳ್ತಿದ್ದೀರಿ, ನಾನು ಕೇಳಿಸ್ಕೊಂಡೆ" ಅಂದ. ವೈರ್‌ಶಾರ್ಕ್ ಎಂಬ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ತಂತ್ರಾಂಶ ಅವನ ಬಳಿ ಇತ್ತು. ಆಮೇಲೆ ಇನ್ನೊಂದನ್ನು ತೋರಿಸಿದ. ಮುಖಪುಟವಿಲ್ಲದ ಕಪಾಟಿನ ವಿಳಾಸ ಒತ್ತಿದರೆ ಅಪಾಚೆ ಅದರೊಳಗಿನ ಕಡತಗಳ ಹೆಸರನ್ನೆಲ್ಲ ಸಾಲಾಗಿ ತೋರಿಸಿಬಿಡುತ್ತದೆ. ಅದರಲ್ಲಿ ನನ್ನ ಪಟ್ಟಿಯೂ ಇತ್ತು. ಒತ್ತಿದ, ತೆರೆಯಿತು. ಪಾಸ್‌ವರ್ಡೂ ಬೇಕಾಗಲಿಲ್ಲ.

ನಲವತ್ತೊಂದು ಮಕ್ಕಳ ವಿವರ, ಅವರಲ್ಲಿ ಹದಿನೆಂಟು ಹೆಣ್ಣುಮಕ್ಕಳು. ಮೂರು ವಾರ ಅದು ಹಾಗೆಯೇ ತೆರೆದಿತ್ತು. ಶಾಲೆಯ ಗೋಡೆಯಾಚೆ ರಸ್ತೆಯಲ್ಲಿ ಬೈಕ್ ನಿಲ್ಲಿಸಿಕೊಂಡವನ ಫೋನಿಗೂ ನಮ್ಮ ವೈಫೈ ಸಿಗುತ್ತಿತ್ತು. ಯಾರಾದರೂ ನೋಡಿದರೋ ಇಲ್ಲವೋ ತಿಳಿಯುವ ದಾರಿ ನನಗಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಸರ್ವರ್ ಆರಿಸಿದೆ. ಪೋಷಕರನ್ನು ಕರೆದು ನಡೆದದ್ದನ್ನು ಹೇಳಿದೆ. ಕೆಲವರಿಗೆ ಅರ್ಥವಾಯಿತು, ಕೆಲವರು "ಬಿಡಿ ಸಾರ್" ಅಂದರು. ಒಬ್ಬ ತಂದೆ ಮಾತ್ರ ಎದ್ದು ನಿಂತು, "ರೇಷನ್ ಕಾರ್ಡ್ ಜೆರಾಕ್ಸ್‌ನೇ ನಾವು ಯಾರಿಗೂ ಕೊಡಲ್ಲ, ನೀವು ಹೇಗೆ ಇಟ್ಟಿರಿ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಅದೇ ಹುಡುಗ ನಾಲ್ಕು ಶನಿವಾರ ಬಂದು ಬೀಗ ಹಾಕುವುದನ್ನು ಕಲಿಸಿದ. ಅದನ್ನು ನಿಮಗೆ ಟಿ.ಸಿ.ಯ ಮಾತಿನಲ್ಲಿ ಹೇಳುತ್ತೇನೆ, ನನಗೆ ಅರ್ಥವಾದದ್ದೂ ಹಾಗೆಯೇ.

ವಿಳಾಸದ ಆರಂಭದಲ್ಲಿ ಎಚ್‌ಟಿಟಿಪಿ ಎಂದಷ್ಟೇ ಇದ್ದರೆ ನೀವು ಬರೆದದ್ದು ಪೋಸ್ಟ್‌ಕಾರ್ಡಿನಂತೆ ಹೋಗುತ್ತದೆ, ಕೈ ದಾಟಿದವರೆಲ್ಲ ಓದಬಹುದು. ಕೊನೆಗೆ ಎಸ್ ಸೇರಿ ಎಚ್‌ಟಿಟಿಪಿಎಸ್ ಆದರೆ ಅರಗಿನ ಮುದ್ರೆ ಒತ್ತಿದ ಲಕೋಟೆ. ಆದರೆ ಲಕೋಟೆ ಮುಚ್ಚಿದರೆ ಸಾಲದು, ಅದು ತಲುಪುತ್ತಿರುವುದು ನಮ್ಮ ಶಾಲೆಗೇ ಎಂದು ಗೊತ್ತಾಗುವುದು ಹೇಗೆ? ಅದಕ್ಕೊಂದು ಸರ್ಟಿಫಿಕೇಟ್ ಬೇಕು. ಇಲ್ಲಿಂದ ಆನೇಕಲ್‌ಗೋ ಬೆಂಗಳೂರಿಗೋ ಮಗುವನ್ನು ಸೇರಿಸಿದವರು ನೆನಪಿಸಿಕೊಳ್ಳಿ. ಟಿ.ಸಿ.ಗೆ ನನ್ನ ಸಹಿ ಸಾಲುತ್ತಿರಲಿಲ್ಲ. ಆ ರಾಜ್ಯದ ಶಾಲೆಗೆ ನಾನು ಯಾರೆಂದು ಗೊತ್ತಿಲ್ಲ. ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕಿತ್ತು. ವೆಬ್ ಸರ್ವರಿಗೂ ಹಾಗೆಯೇ. ಸರ್ವರ್ ತನ್ನ ಗುರುತನ್ನು ತಾನೇ ಬರೆದುಕೊಂಡರೆ ಅದು ಹುಡುಗ ತನ್ನ ಟಿ.ಸಿ.ಯನ್ನು ತಾನೇ ಬರೆದುಕೊಂಡಂತೆ. ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸಿ ನಿಲ್ಲಿಸುತ್ತದೆ. ಬ್ರೌಸರ್ ನಂಬುವ ಮೇಲಧಿಕಾರಿಗಳ ಪಟ್ಟಿಯೊಂದಿದೆ, ಅವರಲ್ಲೊಬ್ಬರ ಸಹಿ ಇರಬೇಕು.

ಹಿಂದೆ ಈ ಸಹಿಗೆ ಹಣ ಕೊಡಬೇಕಿತ್ತು. 2015ರ ಡಿಸೆಂಬರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ವ್ಯವಸ್ಥೆ ಎಲ್ಲರಿಗೂ ಪುಕ್ಕಟೆಯಾಗಿ ಕೊಡತೊಡಗಿತು. ಅವರ ಸರ್ಟಿಫಿಕೇಟು ಬಾಳುವುದು 90 ದಿನ, ಮುಂದೆ ಇನ್ನೂ ಕಡಿಮೆ ಮಾಡಲಿದ್ದಾರೆ. ಸರ್ಟ್‌ಬಾಟ್ ಎಂಬ ತಂತ್ರಾಂಶ ತಾನಾಗಿ ಹೊಸದು ತಂದುಕೊಳ್ಳುತ್ತದೆ. ಆದರೆ ಶಾಲೆಗೆ ಸ್ವಂತ ಹೆಸರಿನ ಇಂಟರ್‌ನೆಟ್ ವಿಳಾಸ ಇರಬೇಕು, ಅದಕ್ಕೆ ವರ್ಷಕ್ಕಿಷ್ಟು ಎಂದು ಬಾಡಿಗೆ ಕಟ್ಟಬೇಕು. ನಮ್ಮದು ನಾಲ್ಕು ಗೋಡೆಯೊಳಗಿನ ಸರ್ವರ್, ಹೆಸರೂ ಇಲ್ಲ. ಹಾಗಾಗಿ ನಾವೇ ಒಂದು ಸಣ್ಣ ಮೇಲಧಿಕಾರಿಯನ್ನು ಸೃಷ್ಟಿಸಿದೆವು. ಓಪನ್‌ಎಸ್‌ಎಸ್‌ಎಲ್ ಎಂಬ ಉಪಕರಣದಿಂದ ಶಾಲೆಯದೇ ಮೊಹರು ಮಾಡಿ, ಅದರಿಂದ ಸರ್ವರಿನ ಸರ್ಟಿಫಿಕೇಟಿಗೆ ಸಹಿ ಹಾಕಿ, ಎಂಟೂ ಕಂಪ್ಯೂಟರುಗಳಿಗೆ ಈ ಮೊಹರನ್ನು ನಂಬು ಎಂದು ಹೇಳಿದೆವು.

ಇಲ್ಲಿ ಹುಡುಗ ನನ್ನ ಕೈ ಹಿಡಿದು ನಿಲ್ಲಿಸಿದ. ಮಕ್ಕಳ ಮನೆಯ ಫೋನುಗಳಿಗೂ ಇದನ್ನು ಹಾಕೋಣ ಎಂದಿದ್ದೆ. "ಬೇಡ ಸಾರ್. ಈ ಮೊಹರು ಕದ್ದವನು ಬ್ಯಾಂಕಿನ ಹೆಸರಲ್ಲೂ ಸಹಿ ಹಾಕ್ತಾನೆ, ಆ ಫೋನು ನಂಬ್ತದೆ" ಅಂದ. ಲ್ಯಾಬಿನ ಯಂತ್ರಗಳಿಗೆ ಮಾತ್ರ ಹಾಕಿದೆವು. ಮೊಹರಿನ ಕಡತ ಸರ್ವರಿನಲ್ಲಿಲ್ಲ, ಪೆನ್‌ಡ್ರೈವಿನಲ್ಲಿದೆ, ಪೆನ್‌ಡ್ರೈವು ದಾಖಲಾತಿ ರಿಜಿಸ್ಟರಿನ ಜತೆ ಕಬ್ಬಿಣದ ಬೀರುವಿನಲ್ಲಿದೆ. ನೀವೂ ಇದನ್ನು ನೆನಪಿಡಿ. ಯಾರಾದರೂ ನಿಮ್ಮ ಫೋನಿಗೆ ಒಂದು ಸರ್ಟಿಫಿಕೇಟ್ ಹಾಕಿಕೊಳ್ಳಿ ಎಂದರೆ, ಶಾಲೆಯವರೇ ಹೇಳಿದರೂ, ಯಾಕೆಂದು ಕೇಳಿ.

ಉಳಿದದ್ದು ಸಣ್ಣಪುಟ್ಟ ಕೆಲಸಗಳು. ಕಪಾಟಿನ ಪಟ್ಟಿ ತೋರಿಸುವುದನ್ನು ನಿಲ್ಲಿಸಿದೆವು. 80ನೇ ಕಿಟಕಿಗೆ ಬಂದವರನ್ನು 443ನೇ ಕಿಟಕಿಗೆ, ಅಂದರೆ ಬೀಗವಿರುವ ಕಡೆಗೆ, ಕಳಿಸುವಂತೆ ಮಾಡಿದೆವು. ಬೇರೆ ಕಿಟಕಿಗಳನ್ನು ಮುಚ್ಚಿದೆವು. ವೈಫೈಗೆ ಪಾಸ್‌ವರ್ಡ್ ಬಂತು, ಟೀಚರುಗಳಿಗೆ ಬೇರೆ ಬೇರೆ ಪಾಸ್‌ವರ್ಡ್ ಬಂತು. ತಿಂಗಳಿಗೊಮ್ಮೆ ಯಂತ್ರವನ್ನು ಇಂಟರ್‌ನೆಟ್ಟಿಗೆ ಜೋಡಿಸಿ ಹೊಸ ತಿದ್ದುಪಡಿ ಇಳಿಸುವುದು ಒಬ್ಬರ ಕೆಲಸವಾಯಿತು. ಬೀಗಕ್ಕೂ ತುಕ್ಕು ಹಿಡಿಯುತ್ತದೆ. 2014ರಲ್ಲಿ ಇದೇ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ಬಿರುಕು ಸಿಕ್ಕಿ ಜಗತ್ತೇ ಗಾಬರಿಯಾಯಿತು. ತಿದ್ದುಪಡಿ ಹಾಕಿಕೊಳ್ಳದವರ ಸರ್ವರುಗಳು ಬೀಗ ಇದ್ದೂ ತೆರೆದೇ ಇದ್ದವು.

ಮತ್ತೆ ಮಕ್ಕಳ ವಿವರದ ಪಟ್ಟಿ? ಅದನ್ನು ತಿರುಗಿ ಸರ್ವರಿಗೆ ಹಾಕಲೇ ಇಲ್ಲ. ಅಂಕಗಳು ಮಾತ್ರ ಇವೆ, ಹೆಸರಿಲ್ಲ, ಕ್ರಮಸಂಖ್ಯೆಯಷ್ಟೇ. ಇಡದಿರುವುದನ್ನು ಯಾರೂ ಕದಿಯಲಾರರು. ನಾಲ್ಕು ಶನಿವಾರದ ಪಾಠದಲ್ಲಿ ನನಗೆ ಅತಿ ಸುಲಭವಾಗಿ ಅರ್ಥವಾದದ್ದು ಇದು, ಅತಿ ತಡವಾಗಿ ಹೊಳೆದದ್ದೂ ಇದೇ.

ನಿಮ್ಮ ಫೋನಿಗೂ ಈ ಮಾತು ಅನ್ವಯಿಸುತ್ತದೆ. ವಿದ್ಯಾರ್ಥಿವೇತನ, ಉಚಿತ ಟ್ಯಾಬ್ ಎಂದು ವಾಟ್ಸ್‌ಆ್ಯಪಿನಲ್ಲಿ ಲಿಂಕುಗಳು ಬರುತ್ತವೆ, ಮಗುವಿನ ಆಧಾರ್ ಸಂಖ್ಯೆ ಕೇಳುತ್ತವೆ. ಬೀಗವಿಲ್ಲದ ಪುಟವಾದರೆ ಅಲ್ಲೇ ಬಿಡಿ. ಬೀಗ ಇದ್ದರೂ ನಂಬಬೇಡಿ, ಏಕೆಂದರೆ ಮೋಸಗಾರನಿಗೂ ಪುಕ್ಕಟೆ ಸರ್ಟಿಫಿಕೇಟು ಸಿಗುತ್ತದೆ. ದಾರಿಯಲ್ಲಿ ಯಾರೂ ಓದುವುದಿಲ್ಲ ಎನ್ನುವುದಕ್ಕಷ್ಟೇ ಬೀಗ ಸಾಕ್ಷಿ, ತಲುಪಿದ ಮನೆಯವನು ಒಳ್ಳೆಯವನು ಎನ್ನುವುದಕ್ಕಲ್ಲ. ಜನ ಹೀಗೆ ತಪ್ಪು ತಿಳಿಯುತ್ತಾರೆಂದೇ ಕ್ರೋಮ್‌ನವರು 2023ರಲ್ಲಿ ವಿಳಾಸದ ಪಕ್ಕದ ಬೀಗದ ಚಿತ್ರವನ್ನು ತೆಗೆದುಬಿಟ್ಟರು. ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ, ಅನುಮಾನ ಬಂದರೆ ಶಾಲೆಗೆ ಬಂದು ಕೇಳಿ.

ಇದೆಲ್ಲ ಕನ್ನಡದ ಮಕ್ಕಳಿಗೆ ಆಗುವ ಕೆಲಸವೇ ಎನ್ನುವವರಿಗೆ ಕಾಸರಗೋಡನ್ನು ತೋರಿಸುತ್ತೇನೆ. ನಮ್ಮ ಹಾಗೆಯೇ ಅದೂ ಗಡಿಯಾಚೆ ಉಳಿದ ಕನ್ನಡ ನೆಲ. ಕೇರಳ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ತಂದಿತು, 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿಯ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ನಡೆಯುವುದು ಲಿನಕ್ಸ್. ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಮಂಜೇಶ್ವರದ ಮಗು ಅದನ್ನು ಕಲಿಯುವುದಾದರೆ ತಳಿ, ಡೆಂಕಣಿಕೋಟೆಯ ಮಗುವಿಗೆ ಏನು ಕಡಿಮೆಯಾಗಿದೆ? ನಮ್ಮ ಮಕ್ಕಳಿಗೆ ಇನ್ನೊಂದು ಹೊರೆಯಿದೆ, 2006ರ ಕಾಯ್ದೆಯಂತೆ ಅವರು ತಮಿಳನ್ನೂ ಕಲಿಯಬೇಕು. ಅದನ್ನು ಹೊರೆ ಎಂದು ನಾನೇ ಬರೆದೆ, ಆದರೆ ಎರಡು ಭಾಷೆಯಲ್ಲಿ ಓದಿದವನಾಗಿ ಅದನ್ನು ಹೊರೆಯೆಂದು ಒಪ್ಪಲಾರೆ. ನಮ್ಮ ಸರ್ವರಿನಲ್ಲಿ ತಮಿಳು ಪಾಠದ ಕಷ್ಟದ ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆದ ಪುಟಗಳಿವೆ. ಅತಿ ಹೆಚ್ಚು ಓದಿಸಿಕೊಳ್ಳುವುದು ಅವೇ.

ಒಂದು ಮಿತಿಯನ್ನು ಒಪ್ಪಿಕೊಳ್ಳುತ್ತೇನೆ. ಆದೇಶಗಳು ಇಂಗ್ಲಿಷಿನಲ್ಲೇ ಇವೆ. ಆದರೆ ಅವು ಇಪ್ಪತ್ತು ಮೂವತ್ತು ಪದಗಳು. ನಮ್ಮ ಮಕ್ಕಳು ಅವನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದು ಪಕ್ಕದಲ್ಲಿ ಕನ್ನಡದ ಅರ್ಥ ಬರೆದುಕೊಂಡರು. ಏನು ನಡೆಯುತ್ತಿದೆ ಎಂದು ಯೋಚಿಸಿದ್ದು ಕನ್ನಡದಲ್ಲಿ.

ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಮುಂದಿನ ಸಭೆಯಲ್ಲಿ ಕಟ್ಟಡದ ಸುಣ್ಣಬಣ್ಣದ ಮಾತು ಮುಗಿದ ಮೇಲೆ ಇದನ್ನೂ ಕೇಳಿ: ನಮ್ಮ ಮಕ್ಕಳ ವಿವರ ಯಾವ ಯಂತ್ರದಲ್ಲಿದೆ, ಯಾರ ಬಳಿ ಪಾಸ್‌ವರ್ಡ್ ಇದೆ, ಕೆಲಸ ಬಿಟ್ಟು ಹೋದವರ ಪಾಸ್‌ವರ್ಡ್ ತೆಗೆದಿದ್ದೀರಾ? 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ಮಾಹಿತಿ ಪಡೆದವರು ಅದನ್ನು ಕಾಪಾಡಬೇಕು. ಕೇಳಿದರೆ ಹೆಡ್‌ಮಾಸ್ಟರಿಗೆ ಬೇಸರವಾದೀತು, ಆಗಲಿ. ನನ್ನನ್ನು ಮೂರು ವಾರ ಮೊದಲೇ ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು.

ಇನ್ನು ಆ ಲ್ಯಾಪ್‌ಟಾಪ್. ಶಾಲೆಗೆ ಕೊಡುವ ಮನಸ್ಸಾದರೆ ಮೊದಲು ಒಳಗಿನ ಮನೆಯ ಫೋಟೋಗಳನ್ನು, ಮಗಳ ಕಾಲೇಜಿನ ಕಾಗದಪತ್ರಗಳನ್ನು ಪೆನ್‌ಡ್ರೈವಿಗೆ ತೆಗೆದಿಟ್ಟುಕೊಳ್ಳಿ. ಹೊಸದಾಗಿ ಡೆಬಿಯನ್ ಹಾಕುವಾಗ ಇಡೀ ಡಿಸ್ಕ್ ಒರೆಸಿ ಹಾಕಲು ಹೇಳಿ. ಸತ್ತ ಬ್ಯಾಟರಿ ಉಬ್ಬಿದ್ದರೆ ಅದನ್ನು ಕಳಚಿಸಿ, ವೈರಿನಲ್ಲೇ ನಡೆಯುತ್ತದೆ. ಚಾರ್ಜರ್ ಮರೆಯದೆ ಕೊಡಿ. ನಮಗೆ ಬಂದ ಆರು ಲ್ಯಾಪ್‌ಟಾಪುಗಳಲ್ಲಿ ನಾಲ್ಕಕ್ಕೆ ಚಾರ್ಜರೇ ಇರಲಿಲ್ಲ.